ನೌಕರರ ಆರೋಗ್ಯ, ಮಾಲೀಕರ ಲೆಕ್ಕ

ಹಾರ್ವರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞೆ ಕ್ಯಾಥರೀನ್ ಬೈಕರ್ ಮತ್ತು ಅವರ ಇಬ್ಬರು ಸಂಗಡಿಗರು 2010ರಲ್ಲಿ ‘ಹೆಲ್ತ್ ಅಫೇರ್ಸ್’ ಪತ್ರಿಕೆಯಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ಅವರು ಕಂಡುಕೊಂಡದ್ದು ಇಷ್ಟು: ನೌಕರರ ಆರೋಗ್ಯ ಕಾರ್ಯಕ್ರಮಕ್ಕೆ ಕಂಪನಿ ಹಾಕಿದ ಪ್ರತಿ ಡಾಲರಿಗೆ ವೈದ್ಯಕೀಯ ವೆಚ್ಚದಲ್ಲಿ 3.27 ಡಾಲರ್, ಗೈರುಹಾಜರಿಯ ನಷ್ಟದಲ್ಲಿ 2.73 ಡಾಲರ್ ಉಳಿಯುತ್ತದೆ. ಈ ಎರಡು ಅಂಕಿಗಳು ಎಚ್.ಆರ್. ವಿಭಾಗಗಳಿಗೆ ಬೇಕಾಗಿದ್ದ ಪುರಾವೆಯಾದವು. ಕಚೇರಿಯಲ್ಲಿ ಜಿಮ್, ಯೋಗ ತರಗತಿ, ಹೆಜ್ಜೆ ಎಣಿಸುವ ಸ್ಪರ್ಧೆ, ಸಿಗರೇಟು ಬಿಟ್ಟವರಿಗೆ ಬಹುಮಾನ, ಎಲ್ಲವೂ ಇದರ ಬಲದ ಮೇಲೆ ನಡೆದವು.

ಒಂಬತ್ತು ವರ್ಷದ ನಂತರ ಬೈಕರ್ ಮತ್ತು ಮೊದಲ ತಂಡದಲ್ಲೂ ಇದ್ದ ಝೀರೂಯಿ ಸಾಂಗ್ ಇನ್ನೊಂದು ಫಲಿತಾಂಶ ಹೊರತಂದರು. ಅಮೆರಿಕದ ಬಿಜೆಸ್ ಹೋಲ್‌ಸೇಲ್ ಕ್ಲಬ್ ಎಂಬ ಸಗಟು ಮಾರಾಟ ಸಂಸ್ಥೆಯ 160 ಮಳಿಗೆಗಳ ಸುಮಾರು 33,000 ನೌಕರರ ಮೇಲೆ ನಡೆದ ಪ್ರಯೋಗ ಅದು. ಚೀಟಿ ಎತ್ತಿದ ಹಾಗೆ 20 ಮಳಿಗೆಗಳನ್ನು ಆರಿಸಿ ಅಲ್ಲಿ ಮಾತ್ರ ಕಾರ್ಯಕ್ರಮ ನಡೆಸಿದರು. ಒಂದೂವರೆ ವರ್ಷ ಕಳೆದಾಗ, ವ್ಯಾಯಾಮ ಮಾಡುತ್ತೇವೆ, ತೂಕ ನೋಡಿಕೊಳ್ಳುತ್ತೇವೆ ಎಂದು ಹೇಳಿಕೊಳ್ಳುವವರು ಆ 20 ಮಳಿಗೆಗಳಲ್ಲಿ ಹೆಚ್ಚಾಗಿದ್ದರು. ಬಿ.ಪಿ., ಕೊಲೆಸ್ಟರಾಲ್, ವೈದ್ಯಕೀಯ ವೆಚ್ಚ, ಗೈರುಹಾಜರಿ, ಕೆಲಸದ ಗುಣಮಟ್ಟ, ಇವುಗಳಲ್ಲಿ ಲೆಕ್ಕಕ್ಕೆ ಸಿಗುವ ವ್ಯತ್ಯಾಸವೇನೂ ಇರಲಿಲ್ಲ. ತಾನು ಬರೆದ ಅಂಕಿಯನ್ನು ತಾನೇ ಪರೀಕ್ಷೆಗೆ ಒಡ್ಡುವವರು ವಿದ್ವಾಂಸರಲ್ಲಿ ಕಡಿಮೆ. ಬೈಕರ್ ಮೇಲೆ ಗೌರವ ಹುಟ್ಟುವುದು ಅದಕ್ಕೇ.

ಆದರೆ ದುಡಿಯುವವನ ದೇಹಕ್ಕೂ ದುಡಿಮೆಯ ಫಲಕ್ಕೂ ಇರುವ ನಂಟನ್ನು ಹುಡುಕುವ ಕೆಲಸ ಜಿಮ್ಮಿನಿಂದ ಶುರುವಾಗಲಿಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜ್ಜಿನಿ 1700ರಲ್ಲೇ ಕಸುಬುಗಳು ತರುವ ಕಾಯಿಲೆಗಳ ಬಗ್ಗೆ ಒಂದು ಗ್ರಂಥ ಬರೆದ. ರೋಗಿಯನ್ನು ಕೇಳುವ ಪ್ರಶ್ನೆಗಳಲ್ಲಿ ‘ನೀನು ಏನು ಕೆಲಸ ಮಾಡುತ್ತೀಯೆ?’ ಎಂಬುದೂ ಸೇರಬೇಕು ಎಂದವನು ಅವನು. ಗುಮಾಸ್ತರನ್ನೂ ಅವನು ಬಿಡಲಿಲ್ಲ: ಕೂತೇ ಇರುವುದು, ಕೈಯನ್ನು ಒಂದೇ ರೀತಿ ಆಡಿಸುವುದು, ತಪ್ಪಾಗದಂತೆ ಸದಾ ಮನಸ್ಸನ್ನು ಬಿಗಿಹಿಡಿಯುವುದು ಅವರ ರೋಗಕ್ಕೆ ಕಾರಣವೆಂದ. ಇಂದಿನ ಬೆಳ್ಳಂದೂರಿನ ಕಚೇರಿಗಳಿಗೂ ಈ ಪಟ್ಟಿ ಸಲ್ಲುತ್ತದೆ.

ಅಂದಾಜನ್ನು ಅಳತೆಗೆ ತಂದದ್ದು ಮೊದಲ ಮಹಾಯುದ್ಧ. 1915ರಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳು ಹಗಲೂ ರಾತ್ರಿ ನಡೆಯುತ್ತಿದ್ದವು. ಭಾನುವಾರದ ರಜೆ ಹೋಗಿತ್ತು. ಸರ್ಕಾರ ಕಾರ್ಮಿಕರ ಆರೋಗ್ಯ ವಿಚಾರಿಸಲು ಒಂದು ಸಮಿತಿ ಮಾಡಿತು. ಸಮಿತಿಗಾಗಿ ಕೆಲಸ ಮಾಡಿದ ಎಚ್.ಎಂ. ವೆರ್ನನ್ ಕಾರ್ಖಾನೆಗಳಿಗೆ ಹೋಗಿ ಯಾವ ವಾರ ಎಷ್ಟು ಗಂಟೆ ಕೆಲಸವಾಯಿತು, ಎಷ್ಟು ತುಣುಕು ಹೊರಬಂತು ಎಂದು ಬರೆದಿಟ್ಟರು. ಗಂಟೆ ಇಳಿಸಿದಲ್ಲಿ ಉತ್ಪಾದನೆ ಅದೇ ಪ್ರಮಾಣದಲ್ಲಿ ಇಳಿಯಲಿಲ್ಲ, ಕೆಲವು ಕಡೆ ಏರಿತು. ಭಾನುವಾರದ ಕೆಲಸ ನಿಲ್ಲಿಸಿ ಎಂದು ಸಮಿತಿ ಶಿಫಾರಸು ಮಾಡಿತು. ಯುದ್ಧದ ನಡುವೆ, ದಣಿದವನು ಗುಂಡು ಮಾಡಲಾರ ಎಂಬ ಶುದ್ಧ ವ್ಯವಹಾರದ ದೃಷ್ಟಿಯಿಂದ ಬಂದ ಸಲಹೆ ಅದು, ಕರುಣೆಯಿಂದ ಬಂದದ್ದಲ್ಲ.

ವೆರ್ನನ್ ಬರೆದಿಟ್ಟ ಅಂಕಿಗಳನ್ನು ಸ್ಟ್ಯಾನ್‌ಫರ್ಡಿನ ಜಾನ್ ಪೆನ್‌ಕವೆಲ್ ಸುಮಾರು ನೂರು ವರ್ಷದ ನಂತರ ಮತ್ತೆ ಕೈಗೆತ್ತಿಕೊಂಡರು. ವಾರಕ್ಕೆ 70 ಗಂಟೆ ದುಡಿದಾಗ ಬಂದ ಒಟ್ಟು ಉತ್ಪನ್ನಕ್ಕೂ 56 ಗಂಟೆ ದುಡಿದಾಗ ಬಂದದ್ದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. 2023ರ ಅಕ್ಟೋಬರಿನಲ್ಲಿ ಎನ್.ಆರ್. ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ನಮ್ಮಲ್ಲಿ ಎದ್ದ ವಾದವಿವಾದದಲ್ಲಿ ದೇಶಭಕ್ತಿ ಬಂತು, ಸೋಮಾರಿತನ ಬಂತು, ಮನೆಯಲ್ಲಿ ಅಡುಗೆ ಯಾರು ಮಾಡಬೇಕೆಂಬ ಪ್ರಶ್ನೆಯೂ ಬಂತು. 70 ಎಂಬ ಅದೇ ಸಂಖ್ಯೆಯನ್ನು ಕಾರ್ಖಾನೆಯ ನೆಲದ ಮೇಲೆ ಅಳೆದು ನೋಡಿದವರಿದ್ದಾರೆ ಎಂಬುದನ್ನು ನೆನೆದವರು ಕಡಿಮೆ. ಮದ್ದುಗುಂಡಿಗೂ ಸಾಫ್ಟ್‌ವೇರಿಗೂ ಹೋಲಿಕೆ ಸಲ್ಲದು ಎನ್ನಬಹುದು. ಆದರೆ ದಣಿವಿನ ಪರಿಣಾಮ ತಲೆ ಬಳಸುವ ಕೆಲಸದಲ್ಲಿ ಕಡಿಮೆ ಎಂದು ನಂಬಲು ಕಾರಣವೇನೂ ಕಾಣುವುದಿಲ್ಲ.

1924ರಿಂದ 1932ರವರೆಗೆ ಷಿಕಾಗೋ ಬಳಿಯ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯಲ್ಲಿ ನಡೆದ ಪ್ರಯೋಗಗಳು ಪಠ್ಯಪುಸ್ತಕದ ಕಥೆಯಾಗಿವೆ. ದೀಪ ಹೆಚ್ಚಿಸಿದರೂ ಉತ್ಪಾದನೆ ಏರಿತು, ತಗ್ಗಿಸಿದರೂ ಏರಿತು. ತಮ್ಮ ಮೇಲೆ ಯಾರೋ ಗಮನ ಇಟ್ಟಿದ್ದಾರೆ ಎಂಬುದೇ ಕಾರ್ಮಿಕರಿಗೆ ಹುರುಪು ಎಂಬ ಕಥೆ. 2011ರಲ್ಲಿ ಸ್ಟೀವನ್ ಲೆವಿಟ್ ಮತ್ತು ಜಾನ್ ಲಿಸ್ಟ್ ಕಳೆದುಹೋಯಿತೆಂದುಕೊಂಡಿದ್ದ ಮೂಲ ದಾಖಲೆಗಳನ್ನು ಹುಡುಕಿ ತೆಗೆದು ನೋಡಿದರೆ ಆ ನಾಟಕೀಯ ಏರಿಕೆ ಅಲ್ಲಿರಲಿಲ್ಲ. ಹೆಸರಾದ ರಿಲೇ ಜೋಡಣೆಯ ಕೋಣೆಯಲ್ಲಂತೂ ಹೇಳಿದ ಹಾಗೆ ಕೇಳದ ಇಬ್ಬರು ಹೆಂಗಸರನ್ನು ನಡುವೆಯೇ ಬದಲಿಸಿದ್ದರು. ಹಾಗಿದ್ದರೂ ಹಾಥಾರ್ನ್ ಕಥೆಯ ಪ್ರಭಾವ ದೊಡ್ಡದು. ಅಲ್ಲಿಯವರೆಗೆ ಗಂಟೆ, ಬೆಳಕು, ಶಾಖದ ಮೇಲಿದ್ದ ಗಮನ ಕಾರ್ಮಿಕನ ಮನಸ್ಸಿನ ಕಡೆ ತಿರುಗಿದ್ದು ಅಲ್ಲಿಂದ.

ಸ್ವತಂತ್ರ ಭಾರತ ಬೇರೆ ದಾರಿ ಹಿಡಿಯಿತು. ಕೋಲಾರದ ಚಿನ್ನದ ಗಣಿಯಲ್ಲಿ ಕಲ್ಲಿನ ದೂಳು ಕುಡಿದವರ ಶ್ವಾಸಕೋಶದಲ್ಲಿ ಸಿಲಿಕೋಸಿಸ್ ಕಂಡಿದ್ದ ದೇಶಕ್ಕೆ, ಆರೋಗ್ಯವನ್ನು ಮಾಲೀಕನ ಔದಾರ್ಯಕ್ಕೆ ಬಿಡುವ ಧೈರ್ಯವಿರಲಿಲ್ಲ. 1948ರ ಕಾರ್ಖಾನೆ ಕಾಯ್ದೆ 250ಕ್ಕಿಂತ ಹೆಚ್ಚು ಕಾರ್ಮಿಕರಿದ್ದಲ್ಲಿ ಕ್ಯಾಂಟೀನ್, 50ಕ್ಕಿಂತ ಹೆಚ್ಚು ಹೆಂಗಸರಿದ್ದಲ್ಲಿ ಶಿಶುವಿಹಾರ ಇರಬೇಕೆಂದಿತು. ಗಾಳಿ ಬೆಳಕು, ಕುಡಿಯುವ ನೀರು, ಕೊನೆಗೆ ಪೀಕದಾನಿಯವರೆಗೂ ನಿಯಮ ಬರೆಯಿತು. ಅದೇ ವರ್ಷದ ಇ.ಎಸ್.ಐ. ಕಾಯ್ದೆ ವಿಮಾ ಆಸ್ಪತ್ರೆಗಳನ್ನು ತಂದಿತು. ಇದರಿಂದ ಉತ್ಪಾದನೆ ಎಷ್ಟು ಏರುತ್ತದೆ ಎಂದು ಆಗ ಯಾರೂ ಕೇಳಲಿಲ್ಲ. ಪಾಲನೆ ಎಷ್ಟಾಯಿತು ಎಂಬುದು ಬೇರೆ ಮಾತು, ಇ.ಎಸ್.ಐ. ಆಸ್ಪತ್ರೆಯ ಸಾಲಿನಲ್ಲಿ ನಿಂತವರಿಗೆ ಅದು ಗೊತ್ತು. ಆದರೆ ಹಕ್ಕು ಎಂದ ಮೇಲೆ ಲಾಭ ನಷ್ಟ ತೋರಿಸಬೇಕಾಗಿಲ್ಲ.

ಅಮೆರಿಕದಲ್ಲಿ ಲಾಭ ತೋರಿಸಲೇಬೇಕಾಗಿ ಬಂತು, ಅದಕ್ಕೆ ಕಾರಣ ವಿಮೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸರ್ಕಾರ ಸಂಬಳ ಏರಿಸದಂತೆ ಕಟ್ಟುಹಾಕಿತ್ತು; ಕೆಲಸಗಾರರನ್ನು ಸೆಳೆಯಲು ಕಂಪನಿಗಳು ಆರೋಗ್ಯ ವಿಮೆ ಕೊಟ್ಟವು, ಆಮೇಲೆ ಅದಕ್ಕೆ ತೆರಿಗೆ ವಿನಾಯಿತಿಯೂ ಸಿಕ್ಕಿತು. ಹೀಗೆ ನೌಕರನ ಹೃದಯಾಘಾತದ ಬಿಲ್ಲು ಕಂಪನಿಯ ಮೇಜಿಗೆ ಬರುವಂತಾಯಿತು. 1970ರ ದಶಕದಲ್ಲಿ ಆ ಬಿಲ್ಲು ಉಬ್ಬುತ್ತ ಹೋದಾಗ, ರೋಗ ಬರದಂತೆ ನೋಡಿಕೊಂಡರೆ ಅಗ್ಗ ಎಂಬ ಯೋಚನೆ ಬಂತು. 1979ರಲ್ಲಿ ಶುರುವಾದ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ‘ಲಿವ್ ಫಾರ್ ಲೈಫ್’ ಕಾರ್ಯಕ್ರಮ ಉಳಿದವರಿಗೆ ಮಾದರಿಯಾಯಿತು. ಇಲ್ಲಿ ಆದ ಪಲ್ಲಟ ದೊಡ್ಡದು: ವೆರ್ನನ್ ಕಾರ್ಖಾನೆಯನ್ನು ತಿದ್ದಲು ಹೊರಟಿದ್ದರೆ, ಈ ಕಾರ್ಯಕ್ರಮಗಳು ನೌಕರನ ಊಟ, ಸಿಗರೇಟು, ಸೊಂಟದ ಸುತ್ತಳತೆಯನ್ನು ತಿದ್ದಲು ಹೊರಟವು. ಬೆಂಗಳೂರಿನ ಐಟಿ ಕಂಪನಿಗಳು ಗ್ರಾಹಕರ ಜೊತೆ ಈ ಪದ್ಧತಿಯನ್ನೂ ಆಮದು ಮಾಡಿಕೊಂಡವು.

2010ರ ಅಮೆರಿಕದ ಆರೋಗ್ಯ ಕಾಯ್ದೆ ಇದಕ್ಕೆ ಹಣದ ಬಲ ಕೊಟ್ಟಿತು. ವಿಮೆಯ ವೆಚ್ಚದ ಶೇ. 30ರಷ್ಟನ್ನು, ತಂಬಾಕಿನ ವಿಷಯದಲ್ಲಿ ಶೇ. 50ರವರೆಗೆ, ಬಹುಮಾನವಾಗಿಯೋ ದಂಡವಾಗಿಯೋ ಬಳಸಬಹುದೆಂದಿತು. ದಂಡದ ಭಾಗವನ್ನು ಜನ ಸಹಿಸಲಿಲ್ಲ. 2013ರಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯ, ಆರೋಗ್ಯದ ಪ್ರಶ್ನಾವಳಿ ತುಂಬದವರಿಂದ ತಿಂಗಳಿಗೆ 100 ಡಾಲರ್ ವಸೂಲಿ ಮಾಡಲು ಹೋಗಿ ಅಧ್ಯಾಪಕರ ಸಿಟ್ಟಿಗೆ ಹಿಂದೆ ಸರಿಯಿತು. 2018ರ ಪಶ್ಚಿಮ ವರ್ಜೀನಿಯಾದ ಶಿಕ್ಷಕರ ಮುಷ್ಕರಕ್ಕೆ ಸಂಬಳ ಮುಖ್ಯ ಕಾರಣವಾದರೂ, ಹೆಜ್ಜೆ ಎಣಿಸುವ ಆ್ಯಪ್ ಹಾಕಿಕೊಳ್ಳದಿದ್ದರೆ ತಿಂಗಳಿಗೆ 25 ಡಾಲರ್ ಹೆಚ್ಚು ಕೊಡಬೇಕೆಂಬ ಪ್ರಸ್ತಾವವೂ ಬೆಂಕಿಗೆ ತುಪ್ಪ ಸುರಿದಿತ್ತು.

ಇಷ್ಟರಲ್ಲಿ ಲೆಕ್ಕದ ತಳವೂ ಅಲುಗಾಡತೊಡಗಿತು. 2014ರಲ್ಲಿ ರ್‍ಯಾಂಡ್ ಸಂಸ್ಥೆಯ ಸಂಶೋಧಕರು ಪೆಪ್ಸಿಕೋ ಕಂಪನಿಯ ಏಳು ವರ್ಷದ ದಾಖಲೆ ತೆಗೆದು ಕಾರ್ಯಕ್ರಮವನ್ನು ಎರಡಾಗಿ ಬಿಡಿಸಿ ನೋಡಿದರು. ಈಗಾಗಲೇ ಕಾಯಿಲೆ ಇದ್ದವರ ಚಿಕಿತ್ಸೆಗೆ ಬೆನ್ನುಹತ್ತಿ ನೆರವಾದ ಭಾಗದಲ್ಲಿ ಡಾಲರಿಗೆ ಸುಮಾರು 3.80 ಡಾಲರ್ ಮರಳಿತ್ತು. ಊಟ, ವ್ಯಾಯಾಮ, ಜೀವನಶೈಲಿಯ ಪಾಠದ ಭಾಗದಲ್ಲಿ ಮರಳಿದ್ದು ಅರ್ಧ ಡಾಲರಿನಷ್ಟು.

ಹಳೆಯ ಅಧ್ಯಯನಗಳು ದಾರಿ ತಪ್ಪಿದ್ದೆಲ್ಲಿ ಎಂಬುದನ್ನು ಎಲ್ಲರಿಗಿಂತ ಚೆನ್ನಾಗಿ ತೋರಿಸಿದ್ದು ಇಲಿನಾಯ್ ವಿಶ್ವವಿದ್ಯಾಲಯದ ಪ್ರಯೋಗ. 2016ರಲ್ಲಿ ಡೇಮನ್ ಜೋನ್ಸ್, ಡೇವಿಡ್ ಮೊಲಿಟರ್, ಜೂಲಿಯನ್ ರೀಫ್ ಅಲ್ಲಿನ ಸುಮಾರು 5,000 ನೌಕರರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದಕ್ಕೆ ಆರೋಗ್ಯ ತಪಾಸಣೆ, ತರಗತಿ, ಹಣದ ಬಹುಮಾನ, ಇನ್ನೊಂದಕ್ಕೆ ಏನೂ ಇಲ್ಲ. ಎರಡು ಗುಂಪುಗಳನ್ನು ಹೋಲಿಸಿದಾಗ ವೆಚ್ಚದಲ್ಲಾಗಲಿ, ಕ್ಯಾಂಪಸ್ಸಿನ ಜಿಮ್ಮಿಗೆ ಹೋದ ಸಲಗಳಲ್ಲಾಗಲಿ, ಗೈರುಹಾಜರಿಯಲ್ಲಾಗಲಿ ಪರಿಣಾಮ ಕಾಣಲಿಲ್ಲ. ಆಮೇಲೆ ಅವರು ಒಂದು ಜಾಣತನ ಮಾಡಿದರು. ತಮ್ಮದೇ ಅಂಕಿಗಳನ್ನು ಹಳೆಯ ಅಧ್ಯಯನಗಳ ರೀತಿಯಲ್ಲಿ, ಅಂದರೆ ಅವಕಾಶವಿದ್ದು ಸೇರಿದವರನ್ನು ಸೇರದವರೊಡನೆ, ಹೋಲಿಸಿದರು. ತಕ್ಷಣ ದೊಡ್ಡ ಉಳಿತಾಯ ಕಂಡಿತು! ಸೇರಿದವರು ಕಾರ್ಯಕ್ರಮ ಶುರುವಾಗುವ ಮೊದಲೇ ಆರೋಗ್ಯವಂತರು, ಮೊದಲೇ ಕಡಿಮೆ ಖರ್ಚಿನವರು. ಬೆಳಗ್ಗೆ ಐದಕ್ಕೆ ಎದ್ದು ಲಾಲ್‌ಬಾಗಿನಲ್ಲಿ ಓಡುವವನೇ ಕಂಪನಿಯ ಓಟದ ಸ್ಪರ್ಧೆಗೂ ಹೆಸರು ಕೊಡುತ್ತಾನೆ. ಕ್ಯಾಂಪಿಗೆ ಬರಬೇಕಾಗಿದ್ದ ಶುಗರ್ ಪೇಷಂಟು ಬರುವುದಿಲ್ಲ. ಇಂಥ ಕಾರ್ಯಕ್ರಮ ಕಂಪನಿಗೆ ಆರೋಗ್ಯವಂತರನ್ನು ಸೆಳೆಯುವ, ಉಳಿಸಿಕೊಳ್ಳುವ ಸಾಧನವೂ ಆಗಬಹುದು ಎಂದು ಲೇಖಕರು ಗುರುತಿಸಿದ್ದಾರೆ. ಕಂಪನಿಯ ಲೆಕ್ಕ ಅಲ್ಲಿ ಕೂಡಿಬರಬಹುದು, ಸಮಾಜದ್ದು ಕೂಡಿಬರುವುದಿಲ್ಲ.

ಇದರಿಂದ ಎಲ್ಲವೂ ಪೊಳ್ಳು ಎಂದು ತೀರ್ಮಾನಿಸುವುದು ಅವಸರ. ಅಮೆರಿಕದ ಮಧ್ಯಪಶ್ಚಿಮದ ಒಂದು ಬಟ್ಟೆ ಒಗೆಯುವ ಕಂಪನಿಯ ಐದು ಘಟಕಗಳಲ್ಲಿ ನಾಲ್ಕಕ್ಕೆ ಉಚಿತ ರಕ್ತಪರೀಕ್ಷೆ, ಆರೋಗ್ಯ ತರಬೇತಿ ಕೊಟ್ಟಾಗ, 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಉತ್ಪಾದಕತೆ ಶೇ. 4ಕ್ಕೂ ಹೆಚ್ಚು ಏರಿತು. ಅಲ್ಲಿ ಎರಡು ವಿಶೇಷಗಳಿದ್ದವು. ತಮಗೆ ಕಾಯಿಲೆ ಇದೆ ಎಂದೇ ಗೊತ್ತಿಲ್ಲದ, ವೈದ್ಯರ ಬಳಿ ಹೋಗದ ಕಡಿಮೆ ಸಂಬಳದವರು ಅಲ್ಲಿದ್ದರು. ಯಾರು ದಿನಕ್ಕೆ ಎಷ್ಟು ಬಟ್ಟೆ ಮುಗಿಸಿದರು ಎಂಬುದು ದಾಖಲಾಗುತ್ತಿತ್ತು.

ಎರಡನೆಯದು ಈ ಕ್ಷೇತ್ರದ ಬೇರು. ಫಲವನ್ನು ಎಣಿಸಬಹುದಾದ ಕಡೆ ಹುಡುಕಿದಾಗಲೆಲ್ಲ ಉತ್ತರ ಸ್ಪಷ್ಟ ಸಿಕ್ಕಿದೆ, ಮತ್ತು ಅದು ಹೆಚ್ಚಾಗಿ ಕಣ್ಣು, ಶಾಖ, ವಿಶ್ರಾಂತಿಯಂಥ ಸರಳ ಸಂಗತಿಗಳಿಗೆ ಅಂಟಿಕೊಂಡಿದೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಕಾರ್ಮಿಕರನ್ನು ತೆಗೆದುಕೊಂಡು, ಚಾಳೀಸು ಬಂದ ಕಣ್ಣಿಗೆ ಹತ್ತಿರದ ಕನ್ನಡಕವನ್ನು ಅರ್ಧದಷ್ಟು ಜನರಿಗೆ ಕೊಟ್ಟು ನೋಡಿದರು. ಕೊಡದವರಿಗೆ ಹೋಲಿಸಿದರೆ ಕನ್ನಡಕ ಹಾಕಿದವರು ಕಿತ್ತ ಸೊಪ್ಪಿನ ತೂಕದಲ್ಲಿ ಶೇ. 21.7ರಷ್ಟು ಏರಿಕೆ, ಐವತ್ತು ಮೀರಿದವರಲ್ಲಿ ಇನ್ನೂ ಹೆಚ್ಚು. ಯಾವ ಧ್ಯಾನ ಶಿಬಿರವೂ ಇಂಥ ಅಂಕಿಯ ಹತ್ತಿರ ಬಂದದ್ದು ನಾನು ನೋಡಿಲ್ಲ.

ಬೆಂಗಳೂರು ಸುತ್ತಲಿನ ಗಾರ್ಮೆಂಟ್ಸ್ ಕಾರ್ಖಾನೆಗಳ ಕಥೆ ಇನ್ನೂ ಸ್ವಾರಸ್ಯದ್ದು. ಕರೆಂಟ್ ಉಳಿಸಲೆಂದು ಹೊಲಿಗೆ ಮೆಷಿನ್ನಿನ ಮೇಲಿನ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದರು. ಎಲ್‌ಇಡಿ ಕಡಿಮೆ ಬಿಸಿಯಾಗುತ್ತದೆ. ಸೆಖೆಯ ದಿನಗಳಲ್ಲಿ ಬೀಳುತ್ತಿದ್ದ ಉತ್ಪಾದಕತೆಯ ನಷ್ಟದಲ್ಲಿ ಸುಮಾರು ಶೇ. 85ರಷ್ಟು ಇದರಿಂದಲೇ ತಪ್ಪಿತು ಎಂದು ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನ್ಯಾಶಾಧಮ್ ತೋರಿಸಿದರು. ಕರೆಂಟ್ ಬಿಲ್ಲಿನ ಉಳಿತಾಯದಿಂದ ಮಾತ್ರ ದೀಪದ ಖರ್ಚು ಹುಟ್ಟಲು ಮೂರೂವರೆ ವರ್ಷ ಬೇಕಿತ್ತು. ಹೆಚ್ಚು ಹೊಲಿದ ಬಟ್ಟೆಯನ್ನೂ ಸೇರಿಸಿದರೆ ಎಂಟು ತಿಂಗಳು ಸಾಕಾಯಿತು. ಟಾರ್ಗೆಟ್ ಮುಟ್ಟಲಿಲ್ಲವೆಂದು ಸೂಪರ್‌ವೈಸರ್ ಬೈದದ್ದರಲ್ಲಿ ಎಷ್ಟು ಪಾಲು ಆ ಟ್ಯೂಬ್‌ಲೈಟಿಗೆ ಸೇರಬೇಕಿತ್ತೋ.

ಚೆನ್ನೈನಲ್ಲಿ ಡೇಟಾ ಎಂಟ್ರಿ ಮಾಡುವ 452 ಜನರ ಮೇಲೆ ನಡೆದ ನಿದ್ದೆಯ ಪ್ರಯೋಗ ನಿರೀಕ್ಷೆಯನ್ನು ಸುಳ್ಳು ಮಾಡಿತು. ರಾತ್ರಿಯ ನಿದ್ದೆಯನ್ನು ಸುಮಾರು ಅರ್ಧ ಗಂಟೆ ಹೆಚ್ಚಿಸಿದರೂ ಕೆಲಸದಲ್ಲಿ ಏನೂ ಏರಲಿಲ್ಲ, ಬಹುಶಃ ಗದ್ದಲ, ಸೆಖೆ, ಸೊಳ್ಳೆಗಳ ನಡುವಿನ ನಿದ್ದೆ ತುಂಡುತುಂಡು ಎಂಬ ಕಾರಣಕ್ಕೆ. ಮಧ್ಯಾಹ್ನ ಕಚೇರಿಯಲ್ಲೇ ನೆಮ್ಮದಿಯಾಗಿ ತೆಗೆದ ಸಣ್ಣ ನಿದ್ದೆ ಕೆಲಸದ ಚುರುಕನ್ನು ಹೆಚ್ಚಿಸಿತು. ಆದರೆ ಆ ಹೊತ್ತಿನಲ್ಲಿ ದುಡಿದಿದ್ದರೆ ಸಿಗುತ್ತಿದ್ದ ಗಳಿಕೆಯನ್ನು ತುಂಬಿಕೊಡುವಷ್ಟಲ್ಲ.

ಸಾಫ್ಟ್‌ವೇರ್ ಕಚೇರಿಯಲ್ಲಿ ಎಣಿಸಲು ಸೊಪ್ಪೂ ಇಲ್ಲ, ಷರ್ಟೂ ಇಲ್ಲ. ಅಲ್ಲಿ ಉತ್ಪಾದಕತೆ ಎಂದರೆ ಬಹುತೇಕ ನೌಕರ ತನ್ನ ಬಗ್ಗೆ ತಾನೇ ತುಂಬಿದ ಪ್ರಶ್ನಾವಳಿ. ಅದೇ ಅಳತೆಗೋಲು ಹಿಡಿದರೂ ಫಲಿತಾಂಶ ಉತ್ಸಾಹ ತರುವಂತಿಲ್ಲ: ಆಕ್ಸ್‌ಫರ್ಡಿನ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಉತ್ತರಗಳನ್ನು ನೋಡಿದಾಗ, ಮೈಂಡ್‌ಫುಲ್‌ನೆಸ್, ಒತ್ತಡ ನಿರ್ವಹಣೆಯ ತರಬೇತಿ, ನಿದ್ದೆಯ ಆ್ಯಪ್ ಬಳಸಿದವರು ಬಳಸದವರಿಗಿಂತ ನೆಮ್ಮದಿಯಾಗಿರಲಿಲ್ಲ. ಸಮಾಜಸೇವೆಗೆ ಅವಕಾಶ ಸಿಕ್ಕವರು ಮಾತ್ರ ಸ್ವಲ್ಪ ಬೇರೆ. ಇದಕ್ಕೂ ಮೊದಲೇ ಅಮೆರಿಕದಲ್ಲಿ ಎರಿನ್ ಕೆಲ್ಲಿ, ಫಿಲಿಸ್ ಮೋಯೆನ್ ಒಂದು ದೊಡ್ಡ ಕಂಪನಿಯ ಐಟಿ ತಂಡಗಳಲ್ಲಿ ಮಾಡಿದ ಪ್ರಯೋಗ ಕೆಲಸವನ್ನೇ ಮುಟ್ಟಿತು. ಯಾವಾಗ, ಎಲ್ಲಿ ಕೆಲಸ ಮಾಡಬೇಕೆಂಬುದನ್ನು ತಂಡಗಳೇ ನಿರ್ಧರಿಸಲು ಬಿಟ್ಟಾಗ ಬಳಲಿಕೆ ತಗ್ಗಿತು, ಕೆಲಸ ಬಿಟ್ಟು ಹೋಗುವವರೂ ಕಡಿಮೆಯಾದರು. ವೆರ್ನನ್ ಹಿಡಿದಿದ್ದ ದಾರಿಗೆ ಸಂಶೋಧನೆ ಮರಳುತ್ತಿದೆ ಎನ್ನಬೇಕು. ಕಾನೂನು ಮಾಡುವವರು ಮರಳಿಲ್ಲ. ಕರ್ನಾಟಕ 2023ರಲ್ಲಿ ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆಯ ಪಾಳಿಗೆ ಅವಕಾಶ ಮಾಡಿಕೊಟ್ಟಿತು, 2024ರಲ್ಲಿ ಐಟಿ ವಲಯಕ್ಕೆ 14 ಗಂಟೆಯ ಪ್ರಸ್ತಾವ ಬಂದು ನೌಕರರ ಸಂಘ ಬೀದಿಗಿಳಿಯಿತು.

ಇನ್ನೊಂದು ಪ್ರಶ್ನೆ ಈ ಸಾಹಿತ್ಯದಲ್ಲಿ ವಿರಳ: ಏರಿದ ಉತ್ಪಾದನೆ ಯಾರ ಪಾಲು? ಬೆಂಗಳೂರಿನ ಐದು ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೆಂಗಸರಿಗೆ ಮಾತುಗಾರಿಕೆ, ಸಮಯ ನಿರ್ವಹಣೆ, ಒತ್ತಡ ನಿಭಾಯಿಸುವುದನ್ನೆಲ್ಲ ಕಲಿಸಿದ ‘ಪೇಸ್’ ತರಬೇತಿಯ ಅಧ್ಯಯನ ಅದಕ್ಕೆ ಉತ್ತರ ಕೊಡುತ್ತದೆ. ಕಲಿತವರ ಉತ್ಪಾದಕತೆ ಉಳಿದವರಿಗಿಂತ ಶೇ. 13.5 ಹೆಚ್ಚಾಯಿತು. ತರಬೇತಿ ಮುಗಿದ ಎಂಟು ತಿಂಗಳಲ್ಲಿ ಕಂಪನಿಗೆ ಹಾಕಿದ ಹಣದ ಮೇಲೆ ಶೇ. 258ರಷ್ಟು ಲಾಭ ಬಂತು. ಆ ಹೆಂಗಸರ ಸಂಬಳ ಏರಿದ್ದು ಶೇ. 0.5.