ಹರಾಜಿಗೆ ಬಂದ ಕುರ್ಚಿ

ಯಾದಗಿರಿ, ಶಹಾಪುರ, ಸುರಪುರದ ಕಡೆ ಹಳೆಯ ಕಚೇರಿಯೋ ವಾಡೆಯೋ ಬಾಗಿಲು ಮುಚ್ಚಿ, ಅಂಗಳದಲ್ಲಿ ಸಾಮಾನು ಹರಾಜಿಗಿಟ್ಟರೆ ಒಮ್ಮೆ ಹೋಗಿ ನೋಡಿ. ಕೊಳ್ಳಲೇಬೇಕೆಂದಿಲ್ಲ. ಅಲ್ಲಿ ಆಡುವ ಮಾತಿನಲ್ಲೇ ಚರಿತ್ರೆಯಿದೆ. 'ಹರಾಜು' ಅರಬ್ಬಿ ಮೂಲದ ಪದ. ಈ ಭಾಗದ ಹಿರಿಯರು ಹೇಳುವ 'ಲಿಲಾವು' ಪೋರ್ಚುಗೀಸರದು. ಕುರ್ಚಿ ಅರಬ್ಬಿಯಿಂದ, ಅಲಮಾರು ಪೋರ್ಚುಗೀಸಿನಿಂದ ಬಂದವು.

ಅಲ್ಲಿನ ಸಾಮಾನು ಯಾವ ಕಾಲದ್ದಿರಬಹುದು? ಸುರಪುರದ ನಾಯಕರ ಸಂಸ್ಥಾನದಲ್ಲಿ, ರಾಜ ಇನ್ನೂ ಬಾಲಕನಾಗಿದ್ದಾಗ, ಮೆಡೋಸ್ ಟೇಲರ್ 1853ರವರೆಗೆ ಆಡಳಿತ ನೋಡಿಕೊಂಡ. ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆಗೆ 'ಟೇಲರ್ ಮಂಜಿಲ್' ಎಂಬ ಹೆಸರು ಇಂದಿಗೂ ಉಳಿದಿದೆ. ಅದೇ ಬಾಲಕ, ರಾಜಾ ವೆಂಕಟಪ್ಪ ನಾಯಕ, 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಸೋತ. 1860ರಲ್ಲಿ ಸಂಸ್ಥಾನ ನಿಜಾಮನ ಕೈಸೇರಿತು. 1948ರವರೆಗೂ ಅಲ್ಲೇ ಇತ್ತು. ನಿಜಾಮನ ಕಚೇರಿಗಳಲ್ಲಿ ಮೊದಲು ಪಾರಸಿ, ಆಮೇಲೆ ಉರ್ದು. ಆದ್ದರಿಂದ ಮೇಜಿನ ಕಾಲಿನ ಒಳಮೈಯಲ್ಲಿ ಬಣ್ಣದಿಂದ ಬರೆದ ಉರ್ದು ಅಂಕಿ ಕಂಡರೆ ಅಲ್ಲೇ ನಿಲ್ಲಿ. ಕಚೇರಿಯ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಆ ಮೇಜಿನ ಗುರುತು ಅದೇ ಇದ್ದೀತು. ಕೊಂಡವರು ಮನೆಗೊಯ್ದು ಮಾಡುವ ಮೊದಲ ಕೆಲಸವೆಂದರೆ ಉಜ್ಜುಕಾಗದ ಹಿಡಿದು ತಿಕ್ಕಿ ಪಾಲಿಶ್ ಹೊಡೆಸುವುದು. ಅಂಕಿ ಹೋಯಿತು, ಮೇಜು ಬರೀ ಮರವಾಯಿತು!

ಅಂಕಿ ಇಲ್ಲದಿದ್ದರೆ ಮರವನ್ನೇ ಕೇಳಬೇಕು. ವಿಜ್ಞಾನ ಓದಿದ ನನಗೆ ಇದು ಇಷ್ಟದ ಭಾಗ. ಮರ ಒಣಗುವಾಗ ಎಳೆಯ ಉದ್ದಕ್ಕೆ ಕುಗ್ಗುವುದು ತೀರ ಕಡಿಮೆ, ಅಡ್ಡಕ್ಕೆ ಹೆಚ್ಚು. ಹಾಗಾಗಿ ಹಳೆಯ ದುಂಡು ಮೇಜನ್ನು ಎರಡೂ ಕಡೆಯಿಂದ ಅಳೆದರೆ ಸ್ವಲ್ಪ ಮೊಟ್ಟೆಯಾಕಾರ ಕಂಡೀತು. ಹಲಗೆಯ ಅಡಿಯಲ್ಲಿ ಗರಗಸದ ಗೆರೆಗಳು ನೇರವಾಗಿದ್ದು ಅಂತರ ಏರುಪೇರಾಗಿದ್ದರೆ ಕೈಯಿಂದ ಕೊಯ್ದದ್ದು. ಬಿಲ್ಲಿನಂತೆ ಬಾಗಿದ್ದರೆ ಯಂತ್ರದ ದುಂಡು ಗರಗಸ. ಒಂದೇ ಗುರುತು ನಂಬಿ ತೀರ್ಪು ಕೊಡಬೇಡಿ. ಹಳೆಯ ಹಲಗೆಯಿಂದ ಹೊಸ ಕುರ್ಚಿ ಮಾಡುವ ಜಾಣರೂ ಇದ್ದಾರೆ.

ಗುರುತು ತಪ್ಪಿದರೆ ಏನಾಗುತ್ತದೆಂಬುದಕ್ಕೆ ನಮ್ಮ ನಾಡಿನ ದೊಡ್ಡ ಉದಾಹರಣೆ ಶ್ರೀರಂಗಪಟ್ಟಣದ್ದು. ಸಿಂಹಾಸನವೂ ಒಂದು ಪೀಠೋಪಕರಣವೇ ತಾನೆ? 1799ರ ಮೇ 4ರಂದು ಟಿಪ್ಪು ಸತ್ತ ಮೇಲೆ, ಗೆದ್ದ ಸೈನ್ಯಕ್ಕೆ ಕೊಳ್ಳೆ ಹಂಚುವ ಅಧಿಕಾರಿಗಳು, ಮರದ ಮೇಲೆ ಚಿನ್ನದ ತಗಡು ಹೊದಿಸಿದ್ದ ಅವನ ಸಿಂಹಾಸನವನ್ನು ಒಡೆದು ಪಾಲು ಮಾಡಿದರು. ಇಡಿಯಾಗಿ ಇಂಗ್ಲೆಂಡಿಗೆ ಕಳಿಸುವ ಆಸೆಯಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಗೇ ಬೇಸರವಾಯಿತು. ದೊಡ್ಡ ಹುಲಿಯ ತಲೆ, ಹುಮಾ ಪಕ್ಷಿ ವಿಂಡ್ಸರ್ ಸೇರಿದವು. ಕಟಾಂಜನದ ಪುಟ್ಟ ಹುಲಿತಲೆಗಳಲ್ಲಿ ಒಂದು ವೇಲ್ಸಿನ ಪೋವಿಸ್ ಕೋಟೆಯಲ್ಲಿದೆ. ಇನ್ನೊಂದು 2009ರಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ಸಿಂಹಾಸನ ಹೇಗಿತ್ತೆಂದು ತಿಳಿಯಲು ಈಗ ಚಿತ್ರ, ವರ್ಣನೆ, ಈ ಚೂರುಗಳೇ ಗತಿ.

ನಿಮ್ಮೂರಿನ ಹರಾಜಿಗೆ ಹೋಗುವಾಗ ಅಳತೆ ಟೇಪು, ನೋಟುಪುಸ್ತಕ ಇರಲಿ. ಸಾಮಾನು ಎತ್ತುವ ಮೊದಲೇ ಫೋಟೋ ತೆಗೆಯಿರಿ. ಅಲ್ಲಿ ಬಹುಕಾಲ ದುಡಿದ ಜವಾನರಿದ್ದರೆ, ಈ ಕುರ್ಚಿ ಯಾವ ಕೋಣೆಯಲ್ಲಿತ್ತು, ಯಾರು ಕೂರುತ್ತಿದ್ದರು ಎಂದು ಕೇಳಿ ಬರೆದುಕೊಳ್ಳಿ. ಕೊಂಡವರು ಒಪ್ಪಿದರೆ ಅದರದೊಂದು ಪ್ರತಿಯನ್ನು ಕುರ್ಚಿಯ ಅಡಿಗೆ ಅಂಟಿಸಿ.