ಕಾಗೋಡಿನ ಕೊಳಗವೂ ನಮ್ಮ ಸಂಘದ ಓಟೂ



"ಬಡವನ ಕೋಪ ದವಡೆಗೆ ಮೂಲ" ಅಂತ ನಮ್ಮ ಹಿರಿಯರು ಹೇಳುತ್ತಾರೆ. ಹಂಚಿಕೆಯಲ್ಲಿ ಅನ್ಯಾಯವಾದರೆ ಸಿಟ್ಟು ಎಲ್ಲರಿಗೂ ಬರುತ್ತದೆ. ಆದರೆ ಆ ಸಿಟ್ಟು ತೋರಿಸುವ ತಾಕತ್ತು ಎಲ್ಲರಿಗೂ ಇರುವುದಿಲ್ಲ. ಇದಕ್ಕೆ ನಮ್ಮದೇ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡು ಸಾಕ್ಷಿ.

ಆಗ ಗೇಣಿ ಭತ್ತವನ್ನು ಕೊಳಗದಲ್ಲಿ ಅಳೆಯುತ್ತಿದ್ದರು. ಒಡೆಯರ ಕೊಳಗ ದೊಡ್ಡದು, ಭತ್ತ ಹೆಚ್ಚು ಹೋಗುತ್ತದೆ ಎಂಬುದು ಗೇಣಿದಾರರ ದೂರು. ಅವರಲ್ಲಿ ಹೆಚ್ಚಿನವರು ದೀವರು. ಅಳತೆ ಸರಿಯಿಲ್ಲ ಎಂದು ಗೊತ್ತಿದ್ದರೂ ಒಬ್ಬೊಬ್ಬನೇ ನಿಂತು ಕೇಳುವಂತಿರಲಿಲ್ಲ. ಒಡೆಯರಿಗೆ ಒಬ್ಬ ಗೇಣಿದಾರ ಹೋದರೆ ಇನ್ನೊಬ್ಬ ಸಿಗುತ್ತಾನೆ. ಗೇಣಿದಾರನಿಗೆ ಗದ್ದೆ ಹೋದರೆ ಅನ್ನವೇ ಹೋಯಿತು. ಹೀಗಾಗಿ ತಪ್ಪು ಅಳೆದವನಿಗೆ ದಂಡವಿಲ್ಲ, ತಪ್ಪು ಎಂದವನಿಗೇ ದಂಡ!

ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಒಗ್ಗೂಡಿಸಿದರು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಶುರುವಾಯಿತು. ರೈತರು ಗದ್ದೆಗಿಳಿದರು, ಜೈಲಿಗೂ ಹೋದರು. ಸಮಾಜವಾದಿ ಪಕ್ಷ ಬೆಂಬಲಕ್ಕೆ ನಿಂತಿತು. ಜೂನ್‌ನಲ್ಲಿ ಡಾ. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. 1952ರ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ಈ ಭಾಗದಿಂದ ಶಾಸಕರಾದರು. ಕಣದಲ್ಲಿ ಬಾಯಿ ಬಿಡಲಾಗದವನ ಓಟಿಗೂ ಒಡೆಯರ ಓಟಿನಷ್ಟೇ ತೂಕ ಬಂದಿತ್ತು. ಮುಂದೆ ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ, 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯೇ ರದ್ದಾಯಿತು.

ಸಹಕಾರ ಸಂಘದ ಮೂಲವೂ ಇದೇ ತತ್ವ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಹಚ್ಚಿದ ದೀಪ ಇಂದು ನಮ್ಮ ರಾಗಿಗುಡ್ಡದವರೆಗೂ ಬೆಳಗಿದೆ. ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಓಟು.

ಆದರೆ ಓಟು ಸಮವಾದ ಮಾತ್ರಕ್ಕೆ ಬಾಯಿ ಸಮವಾಗುವುದಿಲ್ಲ. ಸಣ್ಣ ರೈತನಿಗೆ ಎರಡು ಚೀಲ ಗೊಬ್ಬರ ಹೆಚ್ಚು ಹೋದರೆ ಹತ್ತು ಜನ ಎದ್ದು ಕೇಳುತ್ತೇವೆ. ದೊಡ್ಡವರ ಗಾಡಿಗೆ ಹತ್ತು ಚೀಲ ಹೆಚ್ಚು ಹೋದರೆ "ಅವ್ರಿಗೆ ಜಮೀನು ಜಾಸ್ತಿ ಬಿಡ್ರಿ" ಅನ್ನುತ್ತೇವೆ. ಯಾಕೆಂದರೆ ನಾಳೆ ಅವರ ತೋಟದ ಕೂಲಿ ಬೇಕು, ಅವರ ಟ್ರ್ಯಾಕ್ಟರ್ ಬೇಕು. ಬಡವರ ಪಾಲು ಸರಿಯಾಗಿ ಕೊಟ್ಟ ನಿರ್ದೇಶಕನಿಗೆ ಹಾರ ಬೀಳುವುದು ಕಡಿಮೆ. ದೊಡ್ಡವರನ್ನು ಮೆಚ್ಚಿಸಿದವನಿಗೆ ಮುಂದಿನ ಚುನಾವಣೆ ಸಲೀಸು.

ಇದಕ್ಕೆ ಮದ್ದು ಒಂದೇ. ಯಾರಿಗೆ ಎಷ್ಟು ಸಾಲ, ಎಷ್ಟು ಗೊಬ್ಬರ ಎಂಬ ಪಟ್ಟಿ ಸಂಘದ ಬೋರ್ಡಿನ ಮೇಲಿರಲಿ, ಮಹಾಸಭೆಯಲ್ಲಿ ಗಟ್ಟಿಯಾಗಿ ಓದಲಿ. ಆಗ ಒಬ್ಬನೇ ಎದ್ದು ಕೇಳಿ ದವಡೆ ಕಳೆದುಕೊಳ್ಳಬೇಕಾಗಿಲ್ಲ, ಪಟ್ಟಿಯೇ ಕೇಳುತ್ತದೆ. ಕೊಳಗ ಎಲ್ಲರಿಗೂ ಒಂದೇ ಇರಲಿ.