ಒಂದು ರಾತ್ರಿಯ ಆಟ, ಮೂರು ತಿಂಗಳ ತಾಲೀಮು

ಬಳ್ಳಾರಿಯ ರಂಗಚರಿತ್ರೆ ಬರೆಯಲು ಕೂತವರು ಸಾಮಾನ್ಯವಾಗಿ ಕೋರ್ಟಿನ ಆವರಣದಿಂದಲೇ ಶುರು ಮಾಡುತ್ತಾರೆ. ಅದಕ್ಕೆ ಕಾರಣವೂ ಇದೆ. ಸರಸ ವಿನೋದಿನಿ ಸಭೆ ಕಟ್ಟಿದ ಧರ್ಮವರಂ ರಾಮಕೃಷ್ಣಮಾಚಾರ್ಯರು ವಕೀಲರು. ಅವರಿಗೆ ಪೈಪೋಟಿಯಾಗಿ ಸುಮನೋರಮ ಸಭೆ ನಡೆಸಿದ ಕೋಲಾಚಲಂ ಶ್ರೀನಿವಾಸರಾಯರೂ ವಕೀಲರು. ಧರ್ಮವರಂ ಅವರ ಸೋದರಳಿಯ ಬಳ್ಳಾರಿ ರಾಘವರು (1880–1946) ಹಗಲು ಕೋರ್ಟಿನಲ್ಲಿ ವಾದಿಸಿ ರಾತ್ರಿ ಬಣ್ಣ ಹಚ್ಚಿದವರು. ಕೋಲಾಚಲಂ ಅವರಿಗೆ ಚರಿತ್ರೆಯ ಗೀಳು. ವಿಜಯನಗರ ಬಿದ್ದ ಕಥೆಯನ್ನೇ ನಾಟಕ ಮಾಡಿ ರಾಮರಾಯನನ್ನು ರಂಗಕ್ಕೆ ತಂದರು. ಅದರಲ್ಲಿ ರಾಘವರು ಕಟ್ಟಿದ ಪಠಾಣ ರುಸ್ತುಂ ಹೆಸರುವಾಸಿಯಾಯಿತು. ನಾಟಕ ತೆಲುಗಿನದು. ಆದರೆ ಮದ್ರಾಸ್ ಪ್ರಾಂತ್ಯದ ಆ ಬಳ್ಳಾರಿಯಲ್ಲಿ ಪ್ರೇಕ್ಷಕ ಎರಡೂ ಭಾಷೆಯವನು, ಹಂಪಿ 60 ಕಿಲೋಮೀಟರ್ ಆಸುಪಾಸು. 1565ರ ಯುದ್ಧವನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ವಕೀಲರ ಸಭೆಗಳು ಕಾಗದಪತ್ರ ಉಳಿಸಿದವು, ಹಾಗಾಗಿ ಚರಿತ್ರೆಯಲ್ಲಿ ಉಳಿದವು. ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳ ಬಯಲಾಟದ ಮೇಳಗಳಿಗೆ ಆ ಭಾಗ್ಯವಿಲ್ಲ. ಈ ಸಂಚಿಕೆಗೆ ಹಳೆಯ ಕಲಾವಿದರ ಹೆಸರುಗಳ ಪಟ್ಟಿ ಕೊಡಿ ಎಂದು ಸಂಪಾದಕರು ಕೇಳಿದ್ದರು. ಪಟ್ಟಿ ಕೊಟ್ಟರೆ ಬಿಟ್ಟುಹೋದವರ ಮನೆಯವರು ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಅದಿರಲಿ, ನನಗೆ ಹೇಳಬೇಕೆನಿಸುವುದು ಅಟ್ಟದ ಮೇಲಿನ ರಾತ್ರಿಯ ಬಗ್ಗೆ ಅಲ್ಲ, ಅದಕ್ಕೆ ಮೊದಲಿನ ತಾಲೀಮಿನ ಬಗ್ಗೆ. ಕಲೆ ಕೈಯಿಂದ ಕೈಗೆ ದಾಟುವುದು ಅಲ್ಲಿ.

ಸುಗ್ಗಿ ಮುಗಿಯುವ ಹೊತ್ತಿಗೆ ಊರಿನ ನಾಲ್ಕು ಜನ ಗುಡಿಕಟ್ಟೆಯ ಮೇಲೆ ಕೂತು ಈ ಸಲ ಯಾವ ಆಟ ಎಂದು ಮಾತೆತ್ತುತ್ತಾರೆ. ಗಿರಿಜಾ ಕಲ್ಯಾಣವೋ, ದ್ರೌಪದಿ ವಸ್ತ್ರಾಪಹರಣವೋ, ಕುಮಾರರಾಮನೋ. ಆಮೇಲೆ ಮಾಸ್ತರನ್ನು ಕರೆಸುತ್ತಾರೆ. ಪಾರ್ಟು ಹಂಚುವುದೇ ದೊಡ್ಡ ರಾಜಕೀಯ. ಪಾರ್ಟಿಗೆ ತಕ್ಕ ವಂತಿಗೆ: ದೊರೆಯಾಗುವವನು ಹೆಚ್ಚು ಕೊಡಬೇಕು, ಚಾರಕನಿಗೆ ಕಡಿಮೆ. ಕಂಠ ಚೆನ್ನಾಗಿದ್ದು ಕೈಯಲ್ಲಿ ಕಾಸಿಲ್ಲದವನ ಪಾಲನ್ನು ಇನ್ನೊಬ್ಬ ತುಂಬುವುದೂ ಉಂಟು. ಕಾಸಿದ್ದು ಕಂಠವಿಲ್ಲದವನನ್ನು ನಿಭಾಯಿಸುವುದು ಮಾತ್ರ ಮಾಸ್ತರ ಪಾಲಿನ ಕರ್ಮ.

ತಾಲೀಮು ರಾತ್ರಿ ಊಟದ ಮೇಲೆ. ಮಾಸ್ತರ ಮುಂದೆ ಪ್ರತಿ ಇರುತ್ತದೆ, ಅಂಗಡಿಯ ಲೆಕ್ಕದ ಪುಸ್ತಕದಂಥ ಉದ್ದನೆಯ ವಹಿಯಲ್ಲಿ ಕೈಯಿಂದ ಬರೆದದ್ದು. ಓದು ಬಾರದವರಿಗೆ ಸಾಲುಸಾಲಾಗಿ ಹೇಳಿಕೊಡುತ್ತಾರೆ: ಮೊದಲು ಮಾತು, ಆಮೇಲೆ ಪದ, ಕೊನೆಗೆ ಹೆಜ್ಜೆ. ಕೈಯಲ್ಲಿ ಬೆತ್ತ, ನೆಲಕ್ಕೆ ಕುಟ್ಟಿದ್ದೇ ತಾಳ. ಮದ್ದಲೆ, ಹಾರ್ಮೋನಿಯಂ ಸೇರುವುದು ಹೆಜ್ಜೆ ಕೂತ ಮೇಲೆ. ಅಕ್ಷರ ಬಾರದ ರೈತ ಇಡೀ ರಾತ್ರಿಯ ಪಾರ್ಟನ್ನು ಬಾಯಿಪಾಠ ಮಾಡಿ ಒಪ್ಪಿಸುವುದನ್ನು ನೋಡಿದರೆ ನಮ್ಮ ಶಾಲೆಗಳ ಬಗ್ಗೆ ಅನುಮಾನ ಬರುತ್ತದೆ.

ಮಾಸ್ತರ ಈ ಕೆಲಸ ನೋಡುವಾಗ ನನಗೆ ದೂರದ ಒಂದು ಸಂಘ ನೆನಪಾಗುತ್ತದೆ, ಅಮೆರಿಕದ ಬರ್ಕ್ಲಿಯಲ್ಲಿ 1966ರಲ್ಲಿ ಹುಟ್ಟಿದ್ದು. ಹೆಸರು ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ. ಮಧ್ಯಯುಗದ ಯೂರೋಪಿನ ದೊರೆ, ಸರದಾರರ ವೇಷ ತೊಟ್ಟು ಅಂದಿನ ಬದುಕನ್ನು ಮತ್ತೆ ಕಟ್ಟುವುದು ಅವರ ಹವ್ಯಾಸ. ಅಲ್ಲಿ ಕಲೆ ಮತ್ತು ವಿಜ್ಞಾನಕ್ಕೆಂದೇ ಪದಾಧಿಕಾರಿಗಳಿದ್ದಾರೆ. ನೇಯ್ಗೆ, ಅಡುಗೆ, ಅಕ್ಷರ ಬರವಣಿಗೆ ಇವುಗಳ ತರಗತಿ, ಸ್ಪರ್ಧೆ ಏರ್ಪಡಿಸುವುದು ಅವರ ಹೊಣೆ. ಹೊಲಿಗೆ ಯಾವ ಶತಮಾನದ್ದು ಎಂದು ಅಲ್ಲಿ ಚರ್ಚೆ ನಡೆಯುತ್ತದೆ. ನಮ್ಮ ಮಾಸ್ತರದೂ ಅದೇ ಕೆಲಸ, ಹುದ್ದೆಯೊಂದಿಲ್ಲ. ಶತಮಾನದ ತಕರಾರು ಮಾತ್ರ ನಮ್ಮಲ್ಲಿಲ್ಲ. ಕಂಪಿಲರಾಯನಿಗೂ ರಾವಣನಿಗೂ ಒಂದೇ ಭುಜಕೀರ್ತಿ ನಡೆಯುತ್ತದೆ. ದೊರೆ ದೊರೆಯಂತೆ ಕಂಡರಾಯಿತು.

ಕುಮಾರರಾಮನ ಆಟಕ್ಕೆ ಈ ಸೀಮೆಯಲ್ಲಿ ಇರುವ ಬಿಸಿಯೇ ಬೇರೆ. ಅವನು ಪುರಾಣದವನಲ್ಲ, ನೆರೆಯವನು. ಅಪ್ಪ ಕಂಪಿಲರಾಯ ಆಳಿದ ಕಂಪ್ಲಿ ಕುರುಗೋಡಿನ ಮಗ್ಗುಲಲ್ಲಿದೆ, ಕುಮ್ಮಟದುರ್ಗ ಹೊಳೆಯಾಚೆ. ಮುಹಮ್ಮದ್ ಬಿನ್ ತುಘಲಕನ ಸೈನ್ಯದೆದುರು 1327ರ ಸುಮಾರಿಗೆ ಕಂಪಿಲಿ ರಾಜ್ಯ ಬಿತ್ತು. ಚರಿತ್ರೆಯ ಪುಸ್ತಕ ಇಷ್ಟಕ್ಕೆ ಮುಗಿಯುತ್ತದೆ. ಆಟದಲ್ಲಿ ಮಲತಾಯಿ ರತ್ನಾಜಿಯ ಮೋಹವಿದೆ, ರಾಮನ ನಿರಾಕರಣೆ ಇದೆ, ಯುದ್ಧಕ್ಕೆ ಬರುವ ಮಾತಂಗಿ ಇದ್ದಾಳೆ. ತುಘಲಕನಿಗಿಂತ ರತ್ನಾಜಿಯೇ ಜನರನ್ನು ಬೆಳಗಿನ ತನಕ ಎಚ್ಚರವಾಗಿ ಕೂರಿಸುತ್ತಾಳೆ.

ಇನ್ನು ಕೈಕೆಲಸ. ಕಿರೀಟ, ಭುಜಕೀರ್ತಿ, ಎದೆಹಾರಗಳಿಗೆ ಹಗುರವಾದ ಮರವೇ ಆಗಬೇಕು. ತೂಕವಾದರೆ ಕುಣಿಯುವವನ ಹೆಗಲು ಹರಿದುಹೋಗುತ್ತದೆ. ಮರವನ್ನು ಕೆತ್ತಿ, ಮರವಜ್ರ ಸವರಿ, ಬೇಗಡೆ ಹಚ್ಚಿ, ನಡುನಡುವೆ ಕನ್ನಡಿ ಚೂರು ಕೂರಿಸಬೇಕು. ಆ ಚೂರುಗಳನ್ನು ಒಂದೇ ಮಟ್ಟಕ್ಕೆ ಕೂರಿಸದೆ ತುಸು ಓರೆಯಾಗಿ ಇಟ್ಟರೆ ಪಾತ್ರಧಾರಿ ಗಿರಕಿ ಹೊಡೆದಾಗ ಬೆಳಕು ನಾಲ್ಕೂ ಕಡೆ ಚಿಮ್ಮುತ್ತದೆ. ಪಂಜಿನ ಬೆಳಕಿಗೆ, ಆಮೇಲೆ ಬಂದ ಗ್ಯಾಸ್‌ಲೈಟಿಗೆ ಒಪ್ಪುವ ಲೆಕ್ಕ ಅದು. ಈಗಿನ ಎಲ್‌ಇಡಿ ದೀಪಕ್ಕೆ ಅದೇ ಕನ್ನಡಿ ಕಣ್ಣು ಕುಕ್ಕುತ್ತದೆ. ಭುಜಕೀರ್ತಿಯ ಆಕಾರ ವಿಜಯನಗರದ ಶಿಲ್ಪಗಳಿಂದಲೇ ಬಂದದ್ದೆಂದು ವೇದಿಕೆಗಳಲ್ಲಿ ಹೇಳುವುದುಂಟು. ಕೇಳಲು ಚೆಂದ, ನಾನು ಅಷ್ಟು ದೂರ ಹೋಗುವುದಿಲ್ಲ. ಮುಖಕ್ಕೆ ಹಿಂದೆ ಅರದಾಳ, ಇಂಗಳೀಕ, ಸಫೇದ, ಕಾಡಿಗೆ. ಅರದಾಳದಲ್ಲಿ ಪಾಷಾಣದ ಅಂಶವಿದೆ, ಇಂಗಳೀಕದಲ್ಲಿ ಪಾದರಸ. ಕೊಬ್ಬರಿ ಎಣ್ಣೆ ಸವರಿಕೊಳ್ಳದೆ ಯಾರೂ ಬಣ್ಣಕ್ಕೆ ಮುಖ ಕೊಡುತ್ತಿರಲಿಲ್ಲ. ಆ ಬಣ್ಣಗಳು ಹೋದದ್ದಕ್ಕೆ ನನಗೆ ದುಃಖವಿಲ್ಲ.

ದುಃಖವಿರುವುದು ಬೇರೆ ಕಡೆ. 1953ರಲ್ಲಿ ಎರಡು ಸಂಗತಿ ಒಟ್ಟಿಗೆ ಆದವು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ತುಂಗಭದ್ರಾ ಅಣೆಕಟ್ಟೂ ಮುಗಿದು ಕಾಲುವೆಗೆ ನೀರು ಬಿಟ್ಟರು. ಗಡಿಯನ್ನು ಮೇಳಗಳು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಪದ ಕನ್ನಡದ್ದಾದರೂ ತೆಲುಗಿನದಾದರೂ ಕೇಳುವವರು ಕೇಳಿದರು. ಕಾಲುವೆ ಮಾತ್ರ ತಾಲೀಮನ್ನು ಅಲುಗಾಡಿಸಿತು. ವಿಜಯನಗರ ಕಾಲದ ಕಾಲುವೆಗಳು ಸಿರುಗುಪ್ಪಕ್ಕೆ ಮೊದಲೇ ಇದ್ದವು, ಆದರೆ ಎರಡು ಭತ್ತದ ಬೆಳೆ ಇಷ್ಟು ಹಳ್ಳಿಗಳಿಗೆ ಹಬ್ಬಿದ್ದು ಆಮೇಲೆ. ಒಂದು ಕೊಯ್ಲು ಮುಗಿಯುವುದರೊಳಗೆ ಇನ್ನೊಂದು ಸಸಿಮಡಿ. ಊರಿನ ಕೈಯಲ್ಲಿ ದುಡ್ಡಾಯಿತು, ಮೂರು ತಿಂಗಳ ಬಿಡುವು ಹೋಯಿತು. ದುಡ್ಡು ಇದ್ದುದರಿಂದ ಡ್ರೆಸ್ಸು, ಸೀನರಿ ಬಾಡಿಗೆಗೆ ಬಂದವು. ಹೆಣ್ಣು ಪಾರ್ಟಿಗೆ ಊರಿನ ಗಂಡಸರ ಬದಲು ವೃತ್ತಿ ಕಲಾವಿದೆಯರು ಬಂದರು. ಆಟದ ಸೊಗಸು ಹೆಚ್ಚಿತು, ಸುಳ್ಳಲ್ಲ. ಆದರೆ ಅವರು ಬರುವುದು ಆಟದ ದಿನವೋ ಹಿಂದಿನ ದಿನವೋ. ಬಾಡಿಗೆ ಕಿರೀಟ ಬಂದಮೇಲೆ ಊರಿನಲ್ಲಿ ಕಿರೀಟ ಮಾಡುವವನ ಹತ್ತಿರ ಕೂತು ಕಲಿಯುವ ಹುಡುಗನೂ ಇಲ್ಲವಾದ.

ತೊಗಲುಗೊಂಬೆಯ ನಾಡೋಜ ಬೆಳಗಲ್ಲು ವೀರಣ್ಣನವರು ಬಳ್ಳಾರಿಯವರು, 2023ರಲ್ಲಿ ತೀರಿಕೊಂಡರು. ನಾಟಕದ ನಟರೂ ಆಗಿದ್ದ ಅವರು ರಾಮಾಯಣದ ಜೊತೆಗೆ ಸ್ವಾತಂತ್ರ್ಯ ಹೋರಾಟವನ್ನೂ ಗೊಂಬೆಗಳಿಗೆ ಒಗ್ಗಿಸಿದರು. ಹೊಸ ಕಥೆಗೆ ಹೊಸ ಗೊಂಬೆ ಬೇಕು. ಅಂದರೆ ತೊಗಲು ಹದ ಮಾಡುವ, ಕತ್ತರಿಸುವ, ಬಣ್ಣ ಹಾಕುವ ಕೆಲಸಕ್ಕೆ ಮತ್ತೆ ಕೈಗಳು ಬೇಕಾಗುತ್ತವೆ. ನಮ್ಮ ಬಯಲಾಟದಲ್ಲಿ ನಾವು ಈ ದಾರಿ ಹಿಡಿಯಲಿಲ್ಲ.

ಬಾಗಲಕೋಟೆಯಲ್ಲಿ ಬಯಲಾಟ ಅಕಾಡೆಮಿ ಇದೆ, ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಇದೆ. ಪ್ರತಿಗಳನ್ನು ಕಾಪಾಡುವ ಕೆಲಸ ಅಲ್ಲಿ ಆದೀತು. ನಮ್ಮ ಸಮಿತಿಗೆ ನನ್ನ ಕೋರಿಕೆ ಚಿಕ್ಕದು. ಬರುವ ವರ್ಷ ಸನ್ಮಾನದ ಶಾಲು, ಹಾರ, ಫಲಕಗಳಿಗೆ ಎತ್ತಿಡುವ ಹಣದಲ್ಲಿ ಅರ್ಧ ತೆಗೆದು, ಭುಜಕೀರ್ತಿ ಕೆತ್ತಬಲ್ಲ ಒಬ್ಬ ಹಿರಿಯರಿಗೆ ಒಂದು ಬೇಸಿಗೆಯ ಸಂಬಳ ಕೊಡಿ. ಸಿರುಗುಪ್ಪದಿಂದ ಇಬ್ಬರು, ಕುರುಗೋಡಿನಿಂದ ಇಬ್ಬರು ಹುಡುಗರನ್ನು ಅವರ ಹತ್ತಿರ ಕೂರಿಸಿ. ಮರದ ಖರ್ಚು ನನ್ನದು.